ಎತ್ತಿಗೆ ಜ್ವರ, ಎಮ್ಮೆಗೆ ಬರೆ

(ತುಮಕೂರಿನ ಶಿರಾ ಗೇಟ್ ಕಡೆಯ ಓದುಗರೊಬ್ಬರು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಬಗ್ಗೆ ದೀರ್ಘ ಪತ್ರ ಬರೆದಿದ್ದಾರೆ. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್‌ನಲ್ಲಿ ತಂಡ ಮೋಹನ್ ಬಾಗಾನ್ ಎದುರು 2–1ರಿಂದ ಸೋತದ್ದು ಪತ್ರಕ್ಕೆ ಕಾರಣ. ‘ಗೋಲು ಸಿಕ್ಕ ಮೇಲೆ ಬಾಗಿಲು ಹಾಕಿಕೊಂಡು ಕುಳಿತರು. ಕೋಚ್ ಜೆರಾರ್ಡ್ ಸರಗೋಸಾ ಅವರನ್ನು ಮೊದಲು ಮನೆಗೆ ಕಳುಹಿಸಬೇಕು’ ಎನ್ನುವುದು ಅವರ ಮೊದಲ ಮಾತು. ನಲವತ್ತರ ಸುನಿಲ್ ಚೆಟ್ರಿಯನ್ನೇ ಇನ್ನೂ ನೆಚ್ಚಿಕೊಂಡಿರುವುದು ಎರಡನೆಯದು. ನಮ್ಮಂಥ ಜಿಲ್ಲೆಗಳ ಹುಡುಗರತ್ತ ಆಡಳಿತ ಕಣ್ಣೆತ್ತಿಯೂ ನೋಡುವುದಿಲ್ಲ ಎನ್ನುವುದು ಮೂರನೆಯದು. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. — ಸಂ.)

ಮಾನ್ಯರೇ,

ನಿಮ್ಮ ಸಂಕಟ ನನ್ನದೂ ಹೌದು. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 49ನೇ ನಿಮಿಷಕ್ಕೆ ನಾವು ಮುಂದಿದ್ದೆವು. ನಮ್ಮ ರಯಾನ್ ವಿಲಿಯಮ್ಸ್ ಅಡ್ಡಲಾಗಿ ತೂರಿದ ಚೆಂಡನ್ನು ತಡೆಯಲು ಹೋದ ಮೋಹನ್ ಬಾಗಾನ್‌ನ ಆಲ್ಬರ್ಟೊ ರಾಡ್ರಿಗಸ್ ಅದನ್ನು ತಮ್ಮದೇ ಗೋಲಿನೊಳಗೆ ಕಳುಹಿಸಿದ್ದರು. ಲೀಗ್‌ನಲ್ಲಿ ಅಗ್ರಸ್ಥಾನ ಪಡೆದ ತಂಡವನ್ನು ಅದರ ಊರಿನಲ್ಲೇ ಮಣಿಸಲು ಉಳಿದದ್ದು ನಲವತ್ತು ನಿಮಿಷ. 72ನೇ ನಿಮಿಷದಲ್ಲಿ ಚೆಂಡು ನಮ್ಮವರ ಕೈಗೆ ತಾಗಿ ಪೆನಾಲ್ಟಿಯಾಯಿತು, ಅವರ ಜೇಸನ್ ಕಮಿಂಗ್ಸ್ ತಪ್ಪಲಿಲ್ಲ. ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಜೇಮಿ ಮೆಕ್‌ಲಾರೆನ್ ಎಲ್ಲವನ್ನೂ ಮುಗಿಸಿದರು.

ಮುನ್ನಡೆ ಸಿಕ್ಕ ಮೇಲೆ ತಂಡ ಹಿಂದೆ ಸರಿಯಿತು ಎಂದಿದ್ದೀರಿ. ಒಪ್ಪುತ್ತೇನೆ. ಆದರೆ ಅದು ಕೋಚ್ ಹೇಳಿದ್ದಕ್ಕೆ ಸರಿದದ್ದೋ, ಕಾಲುಗಳು ಸೋತು ಸರಿದದ್ದೋ ಎಂದು ನೀವು ಕೇಳಿಕೊಂಡಿಲ್ಲ. ಎದುರಾಳಿಯನ್ನು ಅವರ ಅಂಗಳದಲ್ಲೇ ಒತ್ತಿ ಹಿಡಿಯಬೇಕಾದರೆ ಮುಂಚೂಣಿಯ ಮೂವರೂ ಒಂದೇ ಹೊತ್ತಿಗೆ ಓಡಬೇಕು. ಒಬ್ಬ ಎರಡು ಹೆಜ್ಜೆ ತಡ ಮಾಡಿದರೂ ಅವನ ಪಕ್ಕದಿಂದ ಚೆಂಡು ದಾಟುತ್ತದೆ, ಮಿಡ್‌ಫೀಲ್ಡ್ ಬಯಲಾಗುತ್ತದೆ. ಆಗ ಹಿಂದಿನ ನಾಲ್ವರು ತಾವಾಗಿಯೇ ತಮ್ಮ ಗೋಲಿನತ್ತ ಸರಿಯುತ್ತಾರೆ. ಅದಕ್ಕೆ ಯಾವ ಕೋಚ್‌ನ ಅಪ್ಪಣೆಯೂ ಬೇಕಿಲ್ಲ. 2024–25ರ ತಂಡದ ಬಲ ನಿಂತದ್ದು ಯಾರ ಮೇಲೆ? ಚೆಟ್ರಿ, ಎಡ್ಗರ್ ಮೆಂಡೆಸ್, ಆಲ್ಬರ್ಟೊ ನೊಗುವೆರಾ, ಹೊರ್ಹೆ ಪೆರೇರಾ ಡಿಯಾಸ್, ರಾಹುಲ್ ಭೆಕೆ. ಎಲ್ಲರೂ ಮೂವತ್ತು ದಾಟಿದವರು. ಅನುಭವಿಗಳು, ನಿಜ. ಪ್ಲೇ ಆಫ್‌ನಲ್ಲಿ ಮುಂಬೈ ಸಿಟಿಯನ್ನು ಕಂಠೀರವದಲ್ಲಿ 5–0ಯಿಂದ ಬಡಿದದ್ದು ಇದೇ ತಂಡ. ಗೋವಾ ಎದುರಿನ ಸೆಮಿಫೈನಲ್ ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಎನ್ನುವಾಗ ಚೆಟ್ರಿ ತಲೆಯಿಂದ ಹೊಡೆದ ಗೋಲೇ ನಮ್ಮನ್ನು ಕೋಲ್ಕತ್ತಕ್ಕೆ ಕರೆದೊಯ್ದದ್ದು. ಅಂಥವರಿಂದ 120 ನಿಮಿಷ ಒಂದೇ ಸಮನೆ ಓಟ ನಿರೀಕ್ಷಿಸುವುದು ಅನ್ಯಾಯ. ಅವರು ದಣಿದಾಗ ಅದೇ ಮಟ್ಟದ ಯಾರನ್ನು ಅಂಗಳಕ್ಕೆ ಇಳಿಸಬಹುದಿತ್ತು ಎನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ಆಟಗಾರರನ್ನು ಕೊಳ್ಳುವವರು, ಬಿಡುವವರು. ಕೋಚ್‌ ಪಾಲು ಅದರಲ್ಲಿ ಸಣ್ಣದು.

ಸರಗೋಸಾ ಅವರನ್ನು ಕಳುಹಿಸಿದರೆ ಏನಾಗುತ್ತದೆ? ಇದನ್ನು ನಾವು ಒಮ್ಮೆ ನೋಡಿ ಆಗಿದೆ.

ಕ್ಲಬ್ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಕೋಚ್ ಆಶ್ಲಿ ವೆಸ್ಟ್‌ವುಡ್ ಕೈಯಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೊಮ್ಮೆ. ಅವರ ನಂತರ ಬಂದ ಆಲ್ಬರ್ಟ್ ರೋಕಾ ಚೆಂಡನ್ನು ಕಾಲಲ್ಲಿಟ್ಟುಕೊಂಡು ಆಡುವ ಆಟ ಕಲಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಸೋಲಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡೆವು. ರೋಕಾ ಹೊರಟಾಗ ಆಡಳಿತ ಹೊರಗೆ ಹುಡುಕಾಡಲಿಲ್ಲ. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅವರನ್ನೇ ಆ ಜಾಗದಲ್ಲಿ ಕೂರಿಸಿತು. ಆಟದ ರೀತಿ ಮುಂದುವರಿಯಿತು, ಆಟಗಾರರು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಾಗಲಿಲ್ಲ. 2018–19ರಲ್ಲಿ ಲೀಗ್ ಪಟ್ಟಿಯ ಅಗ್ರಸ್ಥಾನ, ಅದರ ಬೆನ್ನಿಗೇ ಪ್ರಶಸ್ತಿ. ಐಎಸ್‌ಎಲ್‌ನಲ್ಲಿ ಒಂದೇ ಋತುವಿನಲ್ಲಿ ಎರಡನ್ನೂ ಸಾಧಿಸಿದ ಮೊದಲ ತಂಡ ನಮ್ಮದು. ಮುಂಬೈಯ ಫೈನಲ್‌ನಲ್ಲಿ ಹೆಚ್ಚುವರಿ ಸಮಯ ಮುಗಿಯುತ್ತಾ ಬಂದಾಗ ಕಾರ್ನರ್ ಚೆಂಡಿಗೆ ಭೆಕೆ ತಲೆಕೊಟ್ಟ ಆ ಗಳಿಗೆಯನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಆ ವರ್ಷ ಕ್ವಾದ್ರತ್ ಪಕ್ಕದಲ್ಲಿ ಸಹಾಯಕ ಕೋಚ್ ಆಗಿ ಕುಳಿತಿದ್ದವರು ಯಾರು? ಇದೇ ಜೆರಾರ್ಡ್ ಸರಗೋಸಾ.

2021ರ ಜನವರಿಯಲ್ಲಿ ಸತತ ಸೋಲುಗಳ ಬಳಿಕ ಕ್ವಾದ್ರತ್ ಅವರನ್ನು ಬಿಡಲಾಯಿತು. ಹಂಗಾಮಿಯಾಗಿ ನೌಶಾದ್ ಮೂಸಾ, ಬಳಿಕ ಜರ್ಮನಿಯ ಮಾರ್ಕೊ ಪೆಜ್ಜಯುವೋಲಿ, ಆಮೇಲೆ ಇಂಗ್ಲೆಂಡ್‌ನ ಸೈಮನ್ ಗ್ರೇಸನ್, 2023ರ ಡಿಸೆಂಬರ್‌ನಲ್ಲಿ ಸರಗೋಸಾ. ಮೂರು ವರ್ಷ ತುಂಬುವುದರೊಳಗೆ ಇಷ್ಟು ಮಂದಿ. ಋತುವಿನಿಂದ ಋತುವಿಗೆ ಲೀಗ್‌ನಲ್ಲಿ ಏಳನೇ ಸ್ಥಾನ, ಆರನೇ ಸ್ಥಾನ, ನಾಲ್ಕನೇ ಸ್ಥಾನ, ಹತ್ತನೇ ಸ್ಥಾನ. ಕ್ಲಬ್ಬಿಗೆ ತನ್ನದೇ ಒಂದು ಆಟದ ರೀತಿ ಇದ್ದಾಗ ಅದಕ್ಕೆ ಒಗ್ಗುವ ಕೋಚ್‌ನನ್ನು ಆರಿಸುತ್ತಿತ್ತು. ಆಮೇಲೆ ಕೋಚ್ ಬಂದಂತೆ ಆಟದ ರೀತಿ ಬದಲಾಗತೊಡಗಿತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು 2023ರ ಬೇಸಿಗೆ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ.

ಗ್ರೇಸನ್ ಅವರ ಮೊದಲ ಋತುವನ್ನು (2022–23) ನೆನಪಿಸಿಕೊಳ್ಳಿ. ಡುರಾಂಡ್ ಕಪ್ ಗೆದ್ದು ಆರಂಭ. ಲೀಗ್‌ನ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು. ನಿಮ್ಮಂಥ ಅನೇಕರು ಆಗಲೂ ‘ಕೋಚ್ ಹೋಗಲಿ’ ಎಂದರು. ಆಡಳಿತ ತಾಳ್ಮೆ ತೋರಿತು. ಗ್ರೇಸನ್ ಹಿಂದೆ ಮೂವರನ್ನು ನಿಲ್ಲಿಸಿದರು, ಎರಡೂ ಅಂಚುಗಳನ್ನು ಪ್ರಬೀರ್ ದಾಸ್ ಮತ್ತು ರೋಷನ್ ಸಿಂಗ್‌ಗೆ ಬಿಟ್ಟುಕೊಟ್ಟರು, ಮುಂದೆ ರಾಯ್ ಕೃಷ್ಣ ಜೊತೆ ಇಪ್ಪತ್ತರ ಆಸುಪಾಸಿನ ಶಿವಶಕ್ತಿ ನಾರಾಯಣನ್. ಚೆಟ್ರಿ ಬೆಂಚಿನಲ್ಲಿ. ಆ ನಿರ್ಧಾರಕ್ಕೆ ಗುಂಡಿಗೆ ಬೇಕಿತ್ತು. ಲೀಗ್‌ನ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದೆವು. ಪ್ಲೇ ಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದ ಚೆಟ್ರಿ, ಆ ದಿನವೂ ಬದಲಿ ಆಟಗಾರನಾಗಿಯೇ ಇಳಿದವರು. ಶಿವಶಕ್ತಿಗೆ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಬಂತು. ಫೈನಲ್ ಸೋತದ್ದು ಪೆನಾಲ್ಟಿ ಶೂಟೌಟ್‌ನಲ್ಲಿ, ಕೂದಲೆಳೆಯಲ್ಲಿ.

ಇಂಥ ತಂಡವನ್ನು ಏನು ಮಾಡಿದರು? ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಸಂದೇಶ್ ಜಿಂಗನ್ ಗೋವಾಕ್ಕೆ. ಉದಾಂತ ಸಿಂಗ್ ಕೂಡ ಗೋವಾಕ್ಕೆ. ಪ್ರಬೀರ್ ದಾಸ್ ಕೇರಳಕ್ಕೆ. ಮೂವರ ರಕ್ಷಣೆಯ ನಡುಗಂಬವೂ ಹೋಯಿತು, ಬಲ ಅಂಚೂ ಹೋಯಿತು, ಮುಂಚೂಣಿಯ ಜೋಡಿಯೂ ಮುರಿಯಿತು. ಉಳಿದವರು ಗ್ರೇಸನ್ ಮತ್ತು ಅವರ ನಕ್ಷೆ ಮಾತ್ರ. ಹೊಸಬರಿಗೆ ಆ ನಕ್ಷೆ ಹೊಂದಲಿಲ್ಲ. ಡಿಸೆಂಬರ್ 8ರಂದು ಮುಂಬೈ ಸಿಟಿ ಕಂಠೀರವಕ್ಕೆ ಬಂದು ನಾಲ್ಕು ಗೋಲು ಹೊಡೆದು ಹೋಯಿತು, ನಮ್ಮದು ಸೊನ್ನೆ. ಅಂದು ರಾತ್ರಿ ಮೆಜೆಸ್ಟಿಕ್‌ನಲ್ಲಿ ತುಮಕೂರಿನ ಬಸ್ ಹತ್ತಿದಾಗ ನೀಲಿ ಅಂಗಿಯ ನಾಲ್ಕಾರು ಹುಡುಗರು ಹಿಂದಿನ ಸೀಟುಗಳಲ್ಲಿದ್ದರು. ನೆಲಮಂಗಲದವರೆಗೂ ಮಾತಿಲ್ಲ. ಆಮೇಲೆ ಒಬ್ಬ, ಕೊರಳಿನ ಶಾಲು ಬಿಚ್ಚಿ ಚೀಲಕ್ಕೆ ತುರುಕುತ್ತಾ, ‘ಕೋಚ್ ಹೋಗಲೇಬೇಕು’ ಎಂದ. ಉಳಿದವರೂ ಹೌದೆಂದರು. ಒಂದೆರಡು ದಿನಗಳಲ್ಲೇ ಗ್ರೇಸನ್ ಹೋದರು. ತಂಡವನ್ನು ಚದುರಿಸಿದವರನ್ನು ಯಾರೂ ಏನನ್ನೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ.

ಹತ್ತನೇ ಸ್ಥಾನದಲ್ಲಿ ಬಿದ್ದಿದ್ದ ತಂಡವನ್ನು ಒಂದೇ ವರ್ಷದಲ್ಲಿ ಮೂರನೇ ಸ್ಥಾನಕ್ಕೂ ಫೈನಲ್‌ಗೂ ತಂದವರು ಸರಗೋಸಾ. ಕಡಿದುಹೋಗಿದ್ದ ರೋಕಾ–ಕ್ವಾದ್ರತ್ ಎಳೆಯನ್ನು ಮತ್ತೆ ಹಿಡಿದವರೂ ಅವರೇ. ಅವರ ಎಲ್ಲ ತೀರ್ಮಾನಗಳೂ ಸರಿ ಎಂದು ನಾನು ಹೇಳುತ್ತಿಲ್ಲ. ಸಮಬಲವಾದ ಮೇಲೆ ಇನ್ನಷ್ಟು ಧೈರ್ಯ ತೋರಬಹುದಿತ್ತು. ಆದರೂ ಅವರನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚೆಟ್ರಿ ವಿಷಯಕ್ಕೆ ಬರುತ್ತೇನೆ. ನೀವು ಬಳಸಿದ ‘ಜಾಗ ಬಿಡದ ಹಿರಿಯ’ ಎಂಬ ಮಾತು ನನಗೆ ನೋವು ತಂದಿತು. 2024–25ರ ಋತುವಿನಲ್ಲಿ ಅವರು 14 ಗೋಲು ಗಳಿಸಿದ್ದಾರೆ, ಭಾರತೀಯರಲ್ಲಿ ಅವರದೇ ಹೆಚ್ಚು. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡವೇ ಅವರನ್ನು ನಿವೃತ್ತಿಯಿಂದ ಮರಳಿ ಕರೆಯಿತು. ಹದಿನಾಲ್ಕು ಗೋಲು ಹೊಡೆಯುವವನನ್ನು ಯಾವ ಕೋಚ್ ಹೊರಗೆ ಕೂರಿಸುತ್ತಾನೆ? 2013ರಿಂದ ಅವರು ಈ ಕ್ಲಬ್ಬಿನಲ್ಲಿದ್ದಾರೆ. ಅವರಿಗೊಬ್ಬ ಉತ್ತರಾಧಿಕಾರಿ ಬೇಕೆಂದು ತಿಳಿಯಲು ಅಷ್ಟು ವರ್ಷ ಸಾಲದೇ? ಮುಂಚೂಣಿಗೆ ಪ್ರತಿ ಸಲವೂ ಹೊರಗಿನಿಂದ ಒಬ್ಬರನ್ನು ತರುತ್ತಾರೆ, ಅವರು ಹೋಗುತ್ತಾರೆ, ಮತ್ತೊಬ್ಬರು ಬರುತ್ತಾರೆ. ಶಿವಶಕ್ತಿಯಂಥ ಹುಡುಗನಿಗೆ ಒಂದು ಋತು ಪೂರ್ತಿ ಜಾಗ ಕೊಟ್ಟು, ಮರು ಋತುವಿನಲ್ಲಿ ಅವನ ಸುತ್ತಲಿನ ತಂಡವನ್ನೇ ಕಿತ್ತರೆ ಅವನು ಬೆಳೆಯುವುದು ಹೇಗೆ? 2024–25ರ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್ ಕ್ಲಬ್ಬಿನ ಯುವ ತಂಡದಿಂದಲೇ ಬಂದವನು. ಅವನಿಗೂ ಇದೇ ಗತಿ ಬರಬಾರದು.

ನಿಮ್ಮ ಮೂರನೆಯ ದೂರನ್ನು ಒಂದಕ್ಷರ ಬದಲಿಸದೆ ಬೆಂಬಲಿಸುತ್ತೇನೆ. ಚೆಟ್ರಿ ಕೇರಳದ ಎದುರು ಆ ಫ್ರೀ ಕಿಕ್ ಹೊಡೆದ ಮರುದಿನವೇ, 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅಂದರೆ ರಾಜ್ಯದಲ್ಲಿ ಆಟವಿದೆ. ಕ್ಲಬ್ಬಿನ ವಸತಿ ಅಕಾಡೆಮಿ ಇರುವುದು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ, ಸಂತೋಷವೇ. ಆದರೆ ಕಂಠೀರವದಿಂದ ತುಮಕೂರು ಎಪ್ಪತ್ತು ಕಿಲೋಮೀಟರ್. ಕೋಲಾರ, ಚಿಕ್ಕಬಳ್ಳಾಪುರ ಕೂಡ ಹೆಚ್ಚು ಕಡಿಮೆ ಅಷ್ಟೇ. ನಮ್ಮ ಜೂನಿಯರ್ ಕಾಲೇಜು ಮೈದಾನದಲ್ಲಿ ಸಂಜೆ ಹೊತ್ತು ಕ್ರಿಕೆಟ್ ಆಡುವವರ ನಡುವೆ ಒಂದು ಮೂಲೆ ಹಿಡಿದು, ಎರಡು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು, ಬರಿಗಾಲಲ್ಲಿ ಆಡುವ ಹುಡುಗರಿದ್ದಾರೆ. ಅವರಲ್ಲೊಬ್ಬ ಎಡಗಾಲಿನವನು ಚೆಂಡನ್ನು ಓಡುತ್ತಿರುವವನ ಎರಡು ಹೆಜ್ಜೆ ಮುಂದಕ್ಕೆ, ಅವನು ನಿಲ್ಲಬೇಕಾಗದಂತೆ, ಕೊಡುವುದನ್ನು ನೋಡಿದ್ದೇನೆ. ಹೇಳಿಕೊಡದೆ ಬಂದ ವಿದ್ಯೆ ಅದು. ವರ್ಷಕ್ಕೊಮ್ಮೆ ಒಬ್ಬ ತರಬೇತುದಾರ ಬಂದು ಎರಡು ದಿನ ಆ ಮೈದಾನದ ಅಂಚಿನಲ್ಲಿ ನಿಂತರೆ ಕ್ಲಬ್ಬಿಗೆ ಆಗುವ ಖರ್ಚೆಷ್ಟು?

ನಿಮ್ಮ ಪತ್ರದ ಈ ಭಾಗವನ್ನು, 2023ರ ಬೇಸಿಗೆಯ ಬಗ್ಗೆ ನನ್ನ ಪ್ರಶ್ನೆಗಳನ್ನೂ ಸೇರಿಸಿ, ಕ್ಲಬ್ಬಿನ ಆಡಳಿತ ಕಚೇರಿಗೆ ಕಳುಹಿಸುತ್ತಿದ್ದೇನೆ. ಉತ್ತರ ಬಂದರೆ ಪೂರ್ತಿಯಾಗಿ ಪ್ರಕಟಿಸುತ್ತೇವೆ. ಕೋಚ್‌ನನ್ನು ವಜಾ ಮಾಡಿ ಎಂಬ ನಿಮ್ಮ ಮೊದಲ ಬೇಡಿಕೆಯನ್ನು ಮಾತ್ರ ಅದರೊಂದಿಗೆ ಕಳುಹಿಸುತ್ತಿಲ್ಲ. ಅದನ್ನು ನೀವೇ ಬೇರೆಯಾಗಿ ಬರೆಯಬಹುದು, ಅದು ನಿಮ್ಮ ಹಕ್ಕು.

— ಸಂಪಾದಕ