ಲೇಖಕರು ಇಲ್ಲದಾಗ ಅವರ ಹಸ್ತಪ್ರತಿ: ಮಂಡ್ಯದ ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

ಮಂಡ್ಯದಿಂದ ತಾವು ಬರೆದ ದೀರ್ಘ ಪತ್ರ ಮೈಸೂರಿನ ನಮ್ಮ ಕಚೇರಿಗೆ ತಲುಪಿದೆ. ಈಚೆಗೆ ತೀರಿಕೊಂಡ ತಮ್ಮ ಸೀಮೆಯ ಹಿರಿಯ ಕತೆಗಾರರ ಮೂರು ಅಪ್ರಕಟಿತ ಕತೆಗಳನ್ನು ಹೋದ ಸಂಚಿಕೆಯಲ್ಲಿ ಪ್ರಕಟಿಸಿದ್ದಕ್ಕೆ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಬದುಕಿದ್ದಷ್ಟು ಕಾಲ ಅವರು ಯಾರಿಗೂ ಕೊಡದೆ ಇಟ್ಟುಕೊಂಡಿದ್ದನ್ನು, ಬೇಡವೆನ್ನಲು ಅವರೇ ಇಲ್ಲದಾಗ ಅಚ್ಚು ಹಾಕುವ ಅಧಿಕಾರ ನಮಗೆಲ್ಲಿಯದು ಎಂಬುದು ಮೊದಲನೆಯದು. ಅಚ್ಚು ಹಾಕುವುದೇ ಆದರೆ ಮೂರನೆಯ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ, ಅದರೊಳಗಿನ ತಪ್ಪುಗಳನ್ನೂ ಹಾಗೇ ಉಳಿಸಿ, ಹಿರಿಯರ ಹೆಸರಿಗೆ ಕುಂದು ತಂದದ್ದೇಕೆ ಎಂಬುದು ಎರಡನೆಯದು. ಅವರ ಒಡನಾಡಿಯಾಗಿದ್ದ ತಮಗೆ ಈ ಎರಡನ್ನೂ ಕೇಳುವ ಹಕ್ಕಿದೆ. ಉತ್ತರಿಸುವುದು ನನ್ನ ಕರ್ತವ್ಯ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮೇಲೆ ಹಕ್ಕು ಅವರ ವಾರಸುದಾರರಿಗೆ ಸೇರುತ್ತದೆ. ಸಾಮಾನ್ಯವಾಗಿ ಮರಣದ ಮರುವರ್ಷದಿಂದ 60 ವರ್ಷ ಉಳಿಯುವ ಈ ಹಕ್ಕು, ಬದುಕಿದ್ದಾಗ ಪ್ರಕಟವಾಗದ ಬರಹಕ್ಕಾದರೆ ಮೊದಲ ಪ್ರಕಟಣೆಯ ಮರುವರ್ಷದಿಂದ ಅಷ್ಟೇ ಕಾಲ ಉಳಿಯುತ್ತದೆ. ಕತೆಗಾರರ ಪತ್ನಿ ಮತ್ತು ಮಕ್ಕಳು ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ, ಸಂಭಾವನೆ ಅವರಿಗೇ ಸಂದಿದೆ. ಆದರೆ ಮನೆಯವರ ಒಪ್ಪಿಗೆ ಸಿಕ್ಕಿತೆಂದು ಲೇಖಕರ ಒಪ್ಪಿಗೆಯೂ ಸಿಕ್ಕಿದಂತಾಗುವುದಿಲ್ಲ ಎಂದು ತಾವು ಬರೆದಿರುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ರುಜು ಹಾಕಿದ ಕಾಗದವೊಂದು ಕೈಗೆ ಬಂದ ಮಾತ್ರಕ್ಕೆ ಸಂಪಾದಕನ ಹೊಣೆ ತೀರುವುದಿಲ್ಲ.

ಇಂಥ ಚರ್ಚೆಯಲ್ಲಿ ಎಲ್ಲರೂ ಜರ್ಮನ್ ಭಾಷೆಯ ಕತೆಗಾರ ಕಾಫ್ಕಾನನ್ನು ನೆನೆಯುತ್ತಾರೆ, ತಾವೂ ನೆನೆದಿದ್ದೀರಿ. ತನ್ನ ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡಬೇಕೆಂದು ಅವನು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದ. 1924ರಲ್ಲಿ ಕಾಫ್ಕಾ ತೀರಿಕೊಂಡ. ಮರುವರ್ಷವೇ ಅವನ ಕಾದಂಬರಿ 'ದಿ ಟ್ರಯಲ್' ಅನ್ನು ಬ್ರಾಡ್ ಹೊರತಂದ. ಬ್ರಾಡ್ ಮಾಡಿದ್ದು ಸರಿಯೆನ್ನುವವರು ಬಹುತೇಕ ಫಲ ನೋಡಿ ಹಾಗೆನ್ನುತ್ತಾರೆ. ಆ ಕಾದಂಬರಿ ಸಾಧಾರಣವಾಗಿದ್ದರೆ ಅದೇ ಜನ ಅವನನ್ನು ನಂಬಿಕೆದ್ರೋಹಿ ಎನ್ನುತ್ತಿದ್ದರು. ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ ನಾಶ ಮಾಡಬೇಕೆಂದಿದ್ದ ಕಿರುಕಾದಂಬರಿಯನ್ನು ಅವರ ಮಕ್ಕಳು 2024ರಲ್ಲಿ ಹೊರತಂದರು. ಹಾಗೆ ಮಾಡುವುದು ದ್ರೋಹವೆಂದು ಮುನ್ನುಡಿಯಲ್ಲಿ ಆ ಮಕ್ಕಳೇ ಬರೆದುಕೊಂಡಿದ್ದಾರೆ. ಬೇಡವೆಂದು ಸ್ಪಷ್ಟವಾಗಿ ಹೇಳಿ ಹೋದವರ ಬರಹವನ್ನು ಈ ಪತ್ರಿಕೆ ಪ್ರಕಟಿಸುವುದಿಲ್ಲ. ಅದರಿಂದ ಒಂದು ಮೇರುಕೃತಿಯೇ ಕೈತಪ್ಪಿದರೂ ಚಿಂತೆಯಿಲ್ಲ. ಓದುಗರ ಆಸೆಗಿಂತ ಬರೆದವರ ಮಾತು ದೊಡ್ಡದು.

ತಮ್ಮ ಮಿತ್ರರ ವಿಷಯ ಹಾಗಿರಲಿಲ್ಲ. ಅವರು ಬೇಕೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಹಾಗಿರುವಾಗ ಅವರ ಮನಸ್ಸನ್ನು ಅರಿಯಲು ನಮಗಿದ್ದ ಆಧಾರ ಹಸ್ತಪ್ರತಿಯೊಂದೇ. ಅಂಗಡಿಯವರು ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿ ಅವರು ಬರೆಯುತ್ತಿದ್ದುದು ತಮಗೆ ಗೊತ್ತೇ ಇದೆ. ಮೊದಲ ಎರಡು ಕತೆಗಳಿಗೆ ಶೀರ್ಷಿಕೆಯಿದೆ, ಪುಟಸಂಖ್ಯೆಯಿದೆ, ಕೊನೆಯಲ್ಲಿ ರುಜುವೂ ತಾರೀಖೂ ಇವೆ. ಹಿಂದಿನ ಪುಟಗಳಲ್ಲಿ ಚಿತ್ತು ಮಾಡಿದ್ದನ್ನು ಅಲ್ಲಿ ನೀಲಿ ಶಾಯಿಯಲ್ಲಿ ತಿದ್ದಿ ಶುದ್ಧಪ್ರತಿ ಮಾಡಿದ್ದಾರೆ. ತಮಗಾಗಿ ಮಾತ್ರ ಬರೆದುಕೊಳ್ಳುವವರು ಇಷ್ಟು ಶ್ರಮ ಪಡುವುದಿಲ್ಲ. ಅದೇ ಪುಸ್ತಕದಲ್ಲಿ ಇನ್ನೂ ಕೆಲವು ಕತೆಗಳ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಿದ್ದರು. ಅವುಗಳಲ್ಲೊಂದು ನಾವು ಪ್ರಕಟಿಸಿದ ಮೂರಕ್ಕಿಂತಲೂ ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ. ಆದರೂ ಅದನ್ನು ಮುಟ್ಟಲಿಲ್ಲ. ದಿನಚರಿಯ ಹಾಳೆಗಳನ್ನು ಮನೆಯ ಸಂಗತಿಗಳೆಂದು ತಿಳಿದೊಡನೆ ಮುಂದೆ ಓದದೆ ಹಿಂದಿರುಗಿಸಿದೆವು. ಅಲ್ಲಿ ಹೆಸರಿಸಿದ ಕೆಲವರು ಇಂದಿಗೂ ಅದೇ ಊರಿನಲ್ಲಿ ಬಾಳುತ್ತಿದ್ದಾರೆ, ಮತ್ತು ಅವರಿಗೆ ಉತ್ತರ ಕೊಡಬೇಕಾದವರು ಈಗಿಲ್ಲ.

ಬರೆದವರು ಹೋದ ಮೇಲೆ ಬಂದದ್ದೆಲ್ಲ ಅನುಚಿತವೆಂದರೆ ನಾವು ಕಳೆದುಕೊಳ್ಳುವುದು ಕಡಿಮೆಯಲ್ಲ. ಡಿ.ವಿ.ಜಿ.ಯವರು 1975ರಲ್ಲಿ ತೀರಿಕೊಂಡ ಮೇಲೆ ಪುಸ್ತಕವಾಗಿ ಬಂದ 'ಮರುಳ ಮುನಿಯನ ಕಗ್ಗ'ವನ್ನು ಯಾರೂ ಅಪಚಾರವೆಂದು ಭಾವಿಸಲಿಲ್ಲ.

ಇನ್ನು ಮೂರನೆಯ ಕತೆ. ಅದು ಅಪೂರ್ಣ, ಬಹುಪಾಲು ಪೆನ್ಸಿಲಿನಲ್ಲಿದೆ. ಅದನ್ನು ಬಲ್ಲವರ ಕೈಯಲ್ಲಿ ಪೂರ್ತಿ ಮಾಡಿಸಬಹುದಿತ್ತು ಎಂದು ತಾವು ಬರೆದಿದ್ದೀರಿ. ಆ ಪದ್ಧತಿಗೆ ನಮ್ಮಲ್ಲಿ ಗೌರವದ ಚರಿತ್ರೆಯಿದೆ ಎಂಬುದು ನಿಜ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದ. ನಮ್ಮ ಮೈಸೂರಿನ ತ್ರಿವೇಣಿಯವರು 1963ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಕಾದಂಬರಿಯನ್ನು ಎಂ.ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಈ ಎರಡು ಸಂದರ್ಭಗಳಲ್ಲೂ ಮುಂದುವರಿಸಿದವರು ಯಾರೆಂಬುದು ಓದುಗರಿಗೆ ಗೊತ್ತು. ಸತ್ತವರ ಹೆಸರಿನಡಿ ಬದುಕಿರುವವರು ಅಡಗಿಕೊಂಡು ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ತಮ್ಮ ಮಿತ್ರರ ಕತೆಯನ್ನು ಬಹಿರಂಗವಾಗಿ ಮುಂದುವರಿಸಲು ಮನೆಯವರ ಒಪ್ಪಿಗೆ ಪಡೆದು ಯಾರಾದರೂ ಮುಂದೆ ಬಂದರೆ, ಅವರ ಹೆಸರಿನಲ್ಲೇ ಆ ಭಾಗವನ್ನು ಪ್ರಕಟಿಸಲು ನಮ್ಮ ಅಡ್ಡಿಯಿಲ್ಲ.

ತಪ್ಪುಗಳ ಮಾತಿಗೂ ಇದೇ ಉತ್ತರ. ಕತೆಯ ಆರಂಭದಲ್ಲಿ ಸಾಕಮ್ಮನಾಗಿದ್ದ ಹೆಂಗಸು ಗದ್ದೆಯ ಬದುವಿನ ಮೇಲೆ ಜಗಳವಾಡುವ ಹೊತ್ತಿಗೆ ಪುಟ್ಟಮ್ಮನಾಗಿದ್ದಾಳೆ. ಕರಡು ತಿದ್ದುವವರು ಒಂದೇ ಹೆಸರು ಮಾಡೋಣವೆಂದರು. ಯಾವ ಹೆಸರು ಎಂದು ನಾನು ಕೇಳಿದೆ. ಲೇಖಕರು ನಡುವೆ ಮನಸ್ಸು ಬದಲಿಸಿ ಪುಟ್ಟಮ್ಮನೆಂದು ನಿಶ್ಚಯಿಸಿದರೋ, ಬರೆಯುವ ರಭಸದಲ್ಲಿ ಮರೆತರೋ, ಅಥವಾ ಇಬ್ಬರು ಹೆಂಗಸರನ್ನೇ ತರುವ ಯೋಚನೆಯಿತ್ತೋ, ತಿಳಿಯುವ ದಾರಿಯಿಲ್ಲ. ಹಾಗೆಯೇ ಮಾತುಕತೆಯಲ್ಲಿರುವ ಮಂಡ್ಯದ ಆಡುನುಡಿಯನ್ನು ಎಲ್ಲಿಯೂ ನಯಗೊಳಿಸಲಿಲ್ಲ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ 1886ರಲ್ಲಿ ತೀರಿಕೊಂಡ ಮೇಲೆ 1890ರಲ್ಲಿ ಅವರ ಕವಿತೆಗಳನ್ನು ಅಚ್ಚು ಮಾಡಿದವರು ಹಿತಚಿಂತಕರೇ. ಅಭಿಮಾನದಿಂದಲೇ ವಿರಾಮಚಿಹ್ನೆಗಳನ್ನೂ ಕೆಲವೆಡೆ ಪದಗಳನ್ನೂ ತಿದ್ದಿದರು. ಹಸ್ತಪ್ರತಿಗಳಿಗೆ ನಿಷ್ಠವಾದ ಸಮಗ್ರ ಸಂಪುಟ ಬರಲು 1955ರ ತನಕ ಕಾಯಬೇಕಾಯಿತು. ಹಿರಿಯರ ಹೆಸರಿಗೆ ಕುಂದು ಬರಬಾರದೆಂಬ ತಮ್ಮ ಕಾಳಜಿ ದೊಡ್ಡದು. ಆದರೆ ಕತೆಯ ತಲೆಯಲ್ಲೇ ಇದು ಅಪೂರ್ಣ, ಲೇಖಕರು ತಿದ್ದಿ ಮುಗಿಸಿದ್ದಲ್ಲ ಎಂದು ದಪ್ಪಕ್ಷರದಲ್ಲಿ ಹೇಳಿದ ಮೇಲೆ, ಅದನ್ನು ಅವರ ಮುಗಿದ ಕೃತಿಯೆಂದು ಅಳೆಯುವ ಓದುಗರು ಇರಲಾರರೆಂದು ನನ್ನ ನಂಬಿಕೆ. ಹಾಗೆ ಹೇಳದೆ ಸರಿಪಡಿಸಿ ಕೊಟ್ಟಿದ್ದರೆ ಅವರಿಗೂ ಓದುಗರಿಗೂ ಸುಳ್ಳು ಹೇಳಿದಂತಾಗುತ್ತಿತ್ತು.

ಪತ್ರದ ಕೊನೆಯಲ್ಲಿ ತಾವು ತಿಳಿಸಿರುವ ಸಂಗತಿ ಬಹಳ ಮುಖ್ಯವಾದದ್ದು. ಎರಡನೆಯ ಕತೆಯ ಇನ್ನೊಂದು ಪ್ರತಿ, ಬೇರೆಯೇ ಮುಕ್ತಾಯದೊಂದಿಗೆ, ಅವರ ಕೈಬರಹದಲ್ಲೇ ತಮ್ಮ ಬಳಿ ಇದೆ ಎಂದಿದ್ದೀರಿ. ಮೂಲವನ್ನು ದಯವಿಟ್ಟು ಅಂಚೆಗೆ ಹಾಕಬೇಡಿ; ನೆರಳಚ್ಚು ಪ್ರತಿ ಸಾಕು. ಅದರ ಮೇಲೆ ತಾರೀಖಿದ್ದರೆ ಅದನ್ನೂ, ಇಲ್ಲದಿದ್ದರೆ ಅವರು ಯಾವಾಗ, ಏನು ಹೇಳಿ ತಮಗೆ ಕೊಟ್ಟರೆಂಬುದನ್ನೂ ಬರೆದು ತಿಳಿಸಿ. ಕಾಗದ ತಮ್ಮದಾದರೂ ಬರಹದ ಹಕ್ಕು ಮನೆಯವರದಾದ್ದರಿಂದ ಅವರನ್ನು ನಾವೇ ಕೇಳುತ್ತೇವೆ. ಅವರು ಒಪ್ಪಿದರೆ ಎರಡು ಮುಕ್ತಾಯಗಳನ್ನೂ ಮುಂದಿನ ಸಂಚಿಕೆಯಲ್ಲಿ ಎದುರುಬದುರು ಪುಟಗಳಲ್ಲಿ ಕೊಡುತ್ತೇವೆ.

— ಸಂಪಾದಕ