ಒಸಾಕಾದಲ್ಲಿ ಒಬ್ಬರೇ ಒಂದು ದಿನ: ನಾನು ಸುತ್ತಿದ ದಾರಿ

ಜಪಾನಿನ ಒಸಾಕಾದಲ್ಲಿ ಒಂದೇ ದಿನ ಇದೆ, ಒಬ್ಬಳೇ ಹೋಗ್ತೀನಿ, ಸಸ್ಯಾಹಾರಿ, ಏನು ನೋಡಲಿ ಅಂತ ಕೇಳಿದ್ದೀರಿ. ನಾನೂ ಒಬ್ಬನೇ ಸುತ್ತಿದ್ದೆ, ಭಯ ಬೇಡ.

ಬೆಳಿಗ್ಗೆ ಮೊದಲು ಕೋಟೆಗೆ ಹೋಗಿ. ಈಗಿರುವ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಒಳಗೆ ಲಿಫ್ಟ್ ಕೂಡ ಇದೆ, ಹಾಗಾಗಿ ಹಳೇ ಕಾಲದ ಮರದ ಕೋಟೆ ಅಂದುಕೊಂಡು ಹೋದರೆ ಸ್ವಲ್ಪ ನಿರಾಸೆ ಆಗುತ್ತದೆ. ಟಿಕೆಟ್ ಇಲ್ಲದೆ ನೋಡಬಹುದಾದ ಕಂದಕ ಮತ್ತು ದೈತ್ಯ ಕಲ್ಲಿನ ಗೋಡೆಗಳೇ ನನಗೆ ಜಾಸ್ತಿ ಇಷ್ಟವಾದವು. ಅಲ್ಲಿಂದ ತಾನಿಮಾಚಿ ಮಾರ್ಗದ ಮೆಟ್ರೋ ಹಿಡಿದರೆ ರೈಲು ಬದಲಾಯಿಸದೆ ಶಿತೆನ್ನೋಜಿ ದೇವಸ್ಥಾನ. 593ರಲ್ಲಿ ಶುರುವಾದದ್ದಂತೆ, ಕಟ್ಟಡಗಳು ಮಾತ್ರ ಸುಟ್ಟು ಸುಟ್ಟು ಮತ್ತೆ ಕಟ್ಟಿದವು. ಆಮೇಲೆ ನಡೆದೇ ಶಿನ್ಸೆಕಾಯಿ ಅನ್ನೋ ಹಳೇ ಪೇಟೆ, ಸಂಜೆ ದೀಪ ಹತ್ತುವ ಹೊತ್ತಿಗೆ ಕಾಲುವೆ ಪಕ್ಕದ ದೋತೊನ್ಬೊರಿ ಪೇಟೆ.

ಊಟದ್ದೇ ತಲೆನೋವು. ತಾಕೊಯಾಕಿ ಅನ್ನೋ ಹಿಟ್ಟಿನ ಉಂಡೆಯಲ್ಲಿ ಆಕ್ಟೋಪಸ್ ಇರುತ್ತದೆ, ಅದು ಬಿಡಿ, ಬರೀ ತರಕಾರಿ ಊದೋನ್ (ದಪ್ಪ ನೂಡಲ್ಸ್) ಅಂದರೂ ಅದರ ಸಾರಿನಲ್ಲಿ ಸಾಮಾನ್ಯವಾಗಿ ಮೀನಿನ ರಸ ಹಾಕಿರುತ್ತಾರೆ, ಕೇಳಿದರೆ ಮೀನಿಲ್ಲ ಅಂತಲೇ ಹೇಳಬಹುದು, ಯಾಕಂದ್ರೆ ರಸವನ್ನು ಅವರು ಮೀನು ಅಂತ ಲೆಕ್ಕಕ್ಕೇ ತಗೊಳ್ಳಲ್ಲ! ಆ ರಸಕ್ಕೆ ಹೇಳುವ "ದಾಶಿ" ಅನ್ನೋ ಪದ ಕಲಿತು ಕೇಳಿ. ನಾನು ಮಧ್ಯಾಹ್ನ ಹುಳಿ ಉಪ್ಪಿನಕಾಯಿ ಇಟ್ಟ ಅನ್ನದುಂಡೆ, ಉಮೆ ಒನಿಗಿರಿ, ತಿಂದು ರಾತ್ರಿ ಇಂಡಿಯನ್ ಹೋಟೆಲ್ ಹುಡುಕಿದೆ. ನಾಚಿಕೆ ಏನಿಲ್ಲ.

ರೈಲು, ಬಸ್ಸಿಗೆ ಹಣ ತುಂಬಿಸಿ ಬಳಸುವ ಇಕೋಕಾ ಕಾರ್ಡ್ ಮಾಡಿಸಿಕೊಳ್ಳಿ. ಎಸ್ಕಲೇಟರಲ್ಲಿ ಟೋಕಿಯೋದವರು ಎಡಕ್ಕೆ ನಿಂತರೆ ಇಲ್ಲಿ ಬಲಕ್ಕೆ ನಿಲ್ಲುತ್ತಾರೆ. ನಾನು ಎಡಕ್ಕೆ ನಿಂತು ಹಿಂದಿನವರನ್ನೆಲ್ಲಾ ತಡೆದಿದ್ದೆ.