ಹೊಟ್ಟೆಯ ಎಚ್. ಪೈಲೋರಿ ಬ್ಯಾಕ್ಟೀರಿಯಾ ಸೋಂಕಿಗೂ ರಕ್ತಹೀನತೆಗೂ ಸಂಬಂಧ ಇದೆಯೇ?

ಇದೆ. ಹೊಟ್ಟೆಯಾಚೆಗಿನ ಕಾಯಿಲೆಗಳಲ್ಲಿ ಪುರಾವೆ ಗಟ್ಟಿಯಾಗಿರುವುದು ಮುಖ್ಯವಾಗಿ ಮೂರಕ್ಕೆ: ಕಾರಣ ತಿಳಿಯದ ಕಬ್ಬಿಣದ ಕೊರತೆ, ಬಿ12 ಕೊರತೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುವ ಐಟಿಪಿ ಎಂಬ ಕಾಯಿಲೆ. ಹೃದ್ರೋಗ, ಮೈಗ್ರೇನ್ ಜೊತೆಗೂ ನಂಟು ಹೇಳುವವರಿದ್ದಾರೆ. ಸೋಂಕು ಹೋದರೆ ಅವೂ ವಾಸಿಯಾಗುತ್ತವೆ ಎನ್ನಲು ಆಧಾರ ಸಾಲದು.

ರಾಗಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹೊಟ್ಟೆಯ ಆಮ್ಲವೂ ಸಿ ವಿಟಮಿನ್ನೂ ಬೇಕು. ಈ ಸೋಂಕಿನಿಂದಾಗುವ ಬಹುಕಾಲದ ಉರಿಯೂತದಲ್ಲಿ ಎರಡೂ ತಗ್ಗಬಹುದು. ಹುಣ್ಣಿದ್ದರೆ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರಬಹುದು. ಆದ್ದರಿಂದ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನಿನ ಅಳತೆ) ಏರದಿದ್ದರೆ ಪೈಲೋರಿ ಪರೀಕ್ಷೆ ಮಾಡಿಸಿ. (ಮಾತ್ರೆಯ ಬೆನ್ನಿಗೇ ದರ್ಶಿನಿಯ ಫಿಲ್ಟರ್ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ, ಕಾಫಿ ಕಬ್ಬಿಣವನ್ನು ಹಿಡಿದಿಡುತ್ತದೆ.)

ಬೆಂಗಳೂರಿನಲ್ಲಿ ಲ್ಯಾಬ್‌ಗೆ ಹೋದಾಗ ರಕ್ತದ ಆಂಟಿಬಾಡಿ ಪರೀಕ್ಷೆ ಬೇಡ ಎನ್ನಿ. ಸೋಂಕು ಹಳೆಯದೋ ಈಗಿನದೋ ಅದು ಹೇಳುವುದಿಲ್ಲ. ಮಲದ ಆಂಟಿಜೆನ್ (ಬ್ಯಾಕ್ಟೀರಿಯಾದ ಅಂಶ ಹುಡುಕುವ) ಪರೀಕ್ಷೆ ಅಥವಾ ಯೂರಿಯಾ ಉಸಿರು ಪರೀಕ್ಷೆ ಸರಿ. ಜನ ಎಡವುವುದು ಇಲ್ಲೇ: ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯನ್ನು ವೈದ್ಯರನ್ನು ಕೇಳಿ 2 ವಾರ ಮೊದಲೇ ನಿಲ್ಲಿಸಬೇಕು, ಆಂಟಿಬಯೋಟಿಕ್ ಮುಗಿದು 4 ವಾರ ಆಗಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ನಾಲಿಗೆ ಕಹಿಯಾಯಿತೆಂದು ಆರನೇ ದಿನಕ್ಕೇ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗಬಹುದು. ಮುಗಿದ 4 ವಾರದ ನಂತರ ಮತ್ತೆ ಪರೀಕ್ಷಿಸಿ. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಇಳಿದಿದ್ದರೆ ಪೈಲೋರಿ ಸಿಕ್ಕಿತೆಂದು ಸುಮ್ಮನಾಗಬೇಡಿ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ (ಹೊಟ್ಟೆ, ದೊಡ್ಡ ಕರುಳನ್ನು ಕ್ಯಾಮೆರಾ ಕೊಳವೆಯಿಂದ ನೋಡುವ ಪರೀಕ್ಷೆಗಳು) ಬೇಕೇ ಎಂದು ವೈದ್ಯರನ್ನು ಕೇಳಿ.